ಮಲೆನಾಡಿನ ಹಳೆಯ ಮೋಟಾರುಗಳಲ್ಲಿ ಆರು ವೋಲ್ಟಿನ ವಿದ್ಯುತ್ತಿನ ಜೋಪಾನ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಅಡಿಕೆ ತೋಟಗಳು ಬಹುಮಟ್ಟಿಗೆ ಗುಡ್ಡಗಳ ನಡುವಿನ ತಗ್ಗುಗಳಲ್ಲಿ ಇರುವವು. ತೋಟಿಗರ ಮನೆಗಳು ಒಂದರಿಂದೊಂದು ದೂರವಾಗಿ, ಪೇಟೆಗೆ ಹೋಗುವ ದಾರಿಯಿಂದ ಮೈಲು ಎರಡು ಮೈಲು ಒಳಗಡೆ ಇರುವದು ಇಲ್ಲಿಯ ರೂಢಿ. ಆದ ಕಾರಣ ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದು ಸೈನ್ಯದ ಉಳಿಕೆ ಜೀಪುಗಳು ಮಾರಾಟಕ್ಕೆ ಬಂದಾಗಲೂ, ಬಳಿಕ ಮುಂಬಯಿಯ ಮಹೀಂದ್ರ ಕಂಪನಿಯು ವಿಲ್ಲಿಸ್ ಜೀಪುಗಳನ್ನು ಜೋಡಿಸಿ ಮಾರತೊಡಗಿದಾಗಲೂ ಈ ವಾಹನವು ಮಲೆನಾಡಿನ ಜಮೀನುದಾರರಿಗೆ ಬಹಳ ಹಿಡಿಸಿತು. ಗೊಬ್ಬರ, ಮೈಲುತುತ್ತ, ಅಡಿಕೆಯ ಚೀಲ, ಬಾಳಂತಿ, ರೋಗಿ, ಮದುವೆಯ ದಿಬ್ಬಣ, ಎಲ್ಲಕ್ಕೂ ಅದೊಂದೇ. ಅಂಥ ಜೀಪನ್ನೋ, ಅಜ್ಜನ ಕಾಲದ ಫೋರ್ಡು ಷೆವ್ರೊಲೆ ಗಾಡಿಯನ್ನೋ ಇಂದಿಗೂ ಕೊಟ್ಟಿಗೆಯ ಪಕ್ಕದಲ್ಲಿ ಜೋಪಾನವಾಗಿ ಇಟ್ಟುಕೊಂಡು ನಡೆಯಿಸುವವರು ಉಂಟು.

ಈ ಗಾಡಿಗಳ ವಿಷಯದಲ್ಲಿ ಕೇಳಿಬರುವ ದೂರು ಸಾಮಾನ್ಯವಾಗಿ ಒಂದೇ ಬಗೆಯದು. ಇಂಜಿನು ಚೆನ್ನಾಗಿದೆ, ಪೆಟ್ರೋಲು ಬರುತ್ತದೆ, ಆದರೆ ಮಳೆಗಾಲದ ಬೆಳಿಗ್ಗೆ ಸ್ಟಾರ್ಟರು ಎರಡು ಸುತ್ತು ನರಳಿ ನಿಂತುಬಿಡುತ್ತದೆ. ರಾತ್ರಿ ದೇವಿಮನೆ ಘಟ್ಟದಲ್ಲಿಯೋ ಅರಬೈಲು ಘಟ್ಟದಲ್ಲಿಯೋ ದೀಪವು ಎಣ್ಣೆ ತೀರಿದ ಚಿಮಣಿಯಂತೆ ಕೆಂಪಗಾಗುತ್ತದೆ. ಇದು ಬರಿಯ ಅನಾನುಕೂಲತೆಯಲ್ಲ. ಕೊಳೆರೋಗದ ಎರಡನೆಯ ಸಿಂಪಡಣೆಗೆ ಆಷಾಢ ಶ್ರಾವಣದಲ್ಲಿ ಮಳೆಯು ಎರಡು ಮೂರು ದಿನ ಮಾತ್ರ ಹೊಳವು ಕೊಡುತ್ತದೆ. ಆ ದಿನ ಶಿರಸಿಯಿಂದ ಮೈಲುತುತ್ತ ಬಾರದಿದ್ದರೆ ಉದುರಿದ ಎಳೆಯ ಕಾಯಿ ಮರಳಿ ಗೊನೆಗೆ ಹತ್ತುವದಿಲ್ಲ. ಘಟ್ಟದ ತಿರುವಿನಲ್ಲಿ ದೀಪ ಕಾಣದಿದ್ದರೆ ಆಗುವ ಹಾನಿಯನ್ನಂತೂ ಹೇಳಬೇಕಾದ್ದಿಲ್ಲ.

ಇಂಥ ಸಮಯದಲ್ಲಿ ಮಾಲಕನಿಗೆ ದೊರೆಯುವ ಉಪದೇಶವು, "ಆರು ವೋಲ್ಟು ಕೆಲಸಕ್ಕೆ ಬಾರದು, ಹನ್ನೆರಡಕ್ಕೆ ಬದಲಾಯಿಸಿಬಿಡಿ" ಎಂಬದು. ಈ ಮಾತು ಪೂರ್ಣವಾಗಿ ಸರಿಯಲ್ಲ. ಅಮೇರಿಕದ ಫೋರ್ಡು ಷೆವ್ರೊಲೆ ಕಾರುಗಳು ಹನ್ನೆರಡು ವೋಲ್ಟಿಗೆ ಹೋದದ್ದು 1955-56ರ ಸುಮಾರಿಗೆ. ಅದಕ್ಕೂ ಮೊದಲು ಮೂರು ದಶಕಗಳಿಗೂ ಹೆಚ್ಚು ಕಾಲ, ನೀರು ಹೆಪ್ಪುಗಟ್ಟುವ ಚಳಿಯ ಆ ದೇಶದಲ್ಲಿ, ಆರು ವೋಲ್ಟಿನ ಮೋಟಾರುಗಳು ದಿನಾಲು ಬೆಳಿಗ್ಗೆ ಚಾಲೂ ಆಗುತ್ತಿದ್ದವು. ಅಲ್ಲಿ ನಡೆದದ್ದು ಶಿರಸಿಯ ಜಿಟಿಜಿಟಿ ಮಳೆಯಲ್ಲಿ ನಡೆಯದೆಂಬದಕ್ಕೆ ಕಾರಣವಿಲ್ಲ. ದೋಷವು ವೋಲ್ಟಿನಲ್ಲಿ ಅಲ್ಲ. ತಂತಿಯಲ್ಲಿ, ತಂತಿಯ ಕೂಡುಸ್ಥಳಗಳಲ್ಲಿ ಇರುತ್ತದೆ.

ಇದನ್ನು ತೋಟಿಗರು ತಮ್ಮ ಅಬ್ಬಿಯ ನೀರಿನಿಂದಲೇ ತಿಳಿಯಬಹುದು. ನೀರಿನ ಮೂಲವು ಬಹಳ ಎತ್ತರದಲ್ಲಿ ಇದ್ದರೆ ಸಣ್ಣ ಕೊಳವೆಯಿಂದಲೂ ಬೇಕಾದಷ್ಟು ನೀರು ರಭಸದಿಂದ ಬರುವದು. ನಡುವೆ ಒಂದಿಷ್ಟು ಕಸ ಸಿಕ್ಕಿದರೂ ನೀರೇ ಅದನ್ನು ದಾಟಿಕೊಂಡು ಹೋಗುವದು. ಮೂಲವು ಎರಡೇ ಮೊಳ ಮೇಲಿದ್ದರೆ ಅಷ್ಟೇ ನೀರಿಗೆ ಅಗಲವಾದ ದೋಣಿ ಬೇಕು. ಅದರಲ್ಲಿ ನಾಲ್ಕು ಎಲೆ ಅಡ್ಡ ಬಿದ್ದರೂ ನೀರು ನಿಲ್ಲುವದು. ವೋಲ್ಟು ಎಂಬದು ಈ ಎತ್ತರ, ಆಂಪಿಯರು ಎಂಬದು ಹರಿಯುವ ನೀರಿನ ಪ್ರಮಾಣ. 35 ವಾಟಿನ ಒಂದು ದೀಪಕ್ಕೆ ಹನ್ನೆರಡು ವೋಲ್ಟಿನಲ್ಲಿ ಸುಮಾರು 3 ಆಂಪಿಯರು ಸಾಕು. ಆರು ವೋಲ್ಟಿನಲ್ಲಿ ಸುಮಾರು 6 ಬೇಕು. ಒಂದೇ ತಂತಿಯಲ್ಲಿ ಎರಡರಷ್ಟು ಆಂಪಿಯರು ಹರಿದರೆ ನಷ್ಟವಾಗುವ ವೋಲ್ಟೂ ಎರಡರಷ್ಟು. ಆ ನಷ್ಟವು ಬೀಳುವದು ಅರ್ಧ ಬಂಡವಾಳದ ಮೇಲೆ. ಹೀಗಾಗಿ ಲೆಕ್ಕದಲ್ಲಿ ಪೆಟ್ಟು ನಾಲ್ಕರಷ್ಟಾಗುತ್ತದೆ. ದೀಪದ ಬೆಳಕಾದರೋ ವೋಲ್ಟಿಗಿಂತ ಬೇಗನೆ ಇಳಿಯುವದು. ಹತ್ತರಲ್ಲಿ ಒಂದು ಪಾಲು ವೋಲ್ಟು ಕಡಿಮೆಯಾದರೆ ಹತ್ತರಲ್ಲಿ ಮೂರು ಪಾಲು ಬೆಳಕು ಹೋದಂತೆ.

ಸ್ಟಾರ್ಟರಿನ ಲೆಕ್ಕವು ಇನ್ನೂ ಕಟುವಾದದ್ದು. ಜೀಪಿನ ಇಂಜಿನನ್ನು ತಿರುಗಿಸುವಾಗ ಅದು 150ರಿಂದ 200 ಆಂಪಿಯರು ಎಳೆಯುತ್ತದೆ. ಒಂದು ಕೂಡುಸ್ಥಳದಲ್ಲಿ ತುಕ್ಕಿನಿಂದ ಒಂದು ಓಮಿನ ನೂರನೆಯ ಒಂದು ಪಾಲಿನಷ್ಟು ಮಾತ್ರ ತಡೆ ಉಂಟಾಯಿತೆನ್ನೋಣ. 150 ಆಂಪಿಯರಿಗೆ ಅಲ್ಲಿಯೇ ಒಂದೂವರೆ ವೋಲ್ಟು, ಅಂದರೆ ಇದ್ದುದರ ಕಾಲು ಪಾಲು, ಬಿಸಿಯಾಗಿ ಹಾಳಾಗುವದು. ಅದೇ ಗಳಿಗೆಯಲ್ಲಿ ಕಾಯಿಲಿಗೂ ಅದೇ ಬ್ಯಾಟರಿಯಿಂದಲೇ ವಿದ್ಯುತ್ತು ಹೋಗಬೇಕಾದ್ದರಿಂದ ಕಿಡಿಯೂ ಸಪ್ಪಗಾಗುತ್ತದೆ. ಇಂಜಿನು ತಿರುಗಿದರೂ ಹತ್ತಿಕೊಳ್ಳದಿರುವ ಕಾರಣವು ಅನೇಕ ವೇಳೆ ಇಷ್ಟೇ.

ಆದುದರಿಂದ ಮೊತ್ತಮೊದಲು ನೋಡತಕ್ಕದ್ದು ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋಗುವ ದಪ್ಪ ತಂತಿಯನ್ನು. ಹಳೆಯದು ಹಾಳಾದಾಗ ಪೇಟೆಯಲ್ಲಿ ಸಿಕ್ಕಿದ ಈಗಿನ ಕಾರಿನ ತಂತಿಯನ್ನು ಹಾಕಿಸುವದು ಎಲ್ಲಕ್ಕಿಂತ ಹೆಚ್ಚು ಕಂಡುಬರುವ ತಪ್ಪು. ಅದು ಹನ್ನೆರಡು ವೋಲ್ಟಿಗಾಗಿ ಮಾಡಿದ್ದು. 16 ಚದರ ಮಿಲಿಮೀಟರಿನ ತಾಮ್ರದ ತಂತಿಯು ಎರಡೂವರೆ ಮೀಟರು ಉದ್ದದಲ್ಲಿ 150 ಆಂಪಿಯರಿಗೆ ಸುಮಾರು 0.40 ವೋಲ್ಟನ್ನು ತಿನ್ನುತ್ತದೆ. 50 ಚದರ ಮಿಲಿಮೀಟರಿನದು ಸುಮಾರು 0.13 ವೋಲ್ಟನ್ನು ಮಾತ್ರ. ಆರು ವೋಲ್ಟಿನ ಗಾಡಿಗೆ 50ಕ್ಕಿಂತ ಕಡಿಮೆಯದನ್ನು ಒಪ್ಪಿಕೊಳ್ಳಬಾರದು; 70 ದೊರೆತರೆ ಮತ್ತೂ ಒಳಿತು. ವೆಲ್ಡಿಂಗಿಗೆ ಬಳಸುವ ಮೆತ್ತನೆಯ ತಾಮ್ರದ ಕೇಬಲ್ಲು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಮೇಲಿನ ರಬ್ಬರಿನ ದಪ್ಪವನ್ನು ನೋಡಿ ಮೋಸ ಹೋಗದೆ ಒಳಗಿನ ಲೋಹವನ್ನು ನೋಡಿ ಕೊಳ್ಳತಕ್ಕದ್ದು. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲ್ಲುಗಳೂ ಇರುತ್ತವೆ. ತುದಿಯನ್ನು ಚೂರಿಯಿಂದ ಕೆರೆದರೆ ಬೆಳ್ಳಗೆ ಕಾಣುವದು.

ಎರಡನೆಯದು ಅರ್ಥು, ಅಂದರೆ ವಿದ್ಯುತ್ತು ಹಿಂದಿರುಗುವ ದಾರಿ. ಬ್ಯಾಟರಿಯ ಒಂದು ತುದಿಯು ಚಾಸಿಗೆ ಕೂಡಿರುತ್ತದೆ. ದೀಪ, ಸ್ಟಾರ್ಟರು, ಹಾರ್ನು ಎಲ್ಲದರ ವಿದ್ಯುತ್ತೂ ಕಬ್ಬಿಣದ ಮೈಯ ಮೂಲಕವೇ ಮರಳಬೇಕು. ಹೋಗುವ ತಂತಿಯನ್ನು ಎಲ್ಲರೂ ನೋಡುತ್ತಾರೆ. ಮರಳುವ ದಾರಿಯನ್ನು ನೋಡುವವರು ಕಡಿಮೆ. ಇಂಜಿನು ರಬ್ಬರಿನ ಮೆತ್ತೆಯ ಮೇಲೆ ಕೂತಿರುವದರಿಂದ ಅದರಿಂದ ಚಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದು ಇರಲೇಬೇಕು. ಇಂಜಿನನ್ನು ಬಿಚ್ಚಿ ಕಟ್ಟಿದವರು ಆ ಪಟ್ಟಿಯನ್ನು ಮರೆತರೆ ಸ್ಟಾರ್ಟರಿನ ವಿದ್ಯುತ್ತು ಆಕ್ಸಿಲರೇಟರಿನ ಸರಳು, ಚೋಕಿನ ತಂತಿ ಇವುಗಳ ಮೇಲಿಂದ ಹಾದು ಅವು ಸುಡುವಷ್ಟು ಬಿಸಿಯಾಗುತ್ತವೆ. ಅಂಥದು ಕಂಡರೆ ಬೇರೆ ಪರೀಕ್ಷೆ ಬೇಡ.

ಗಾಡಿಗೆ ಹೊಸದಾಗಿ ಬಣ್ಣ ಹೊಡೆಸಿದ ಮೇಲೆ ದೀಪ ಮಂಕಾಯಿತೆಂಬ ದೂರಿಗೂ ಕಾರಣವು ಇದೇ. ಬಣ್ಣದ ಮೇಲೆ ಬೋಲ್ಟು ಬಿಗಿದರೆ ಅಲ್ಲಿ ದಾರಿ ಮುಚ್ಚಿದಂತಾಯಿತು. ಬೋಲ್ಟನ್ನು ಬಿಚ್ಚಿ, ತುದಿ ಕೂಡುವಷ್ಟು ಜಾಗದಲ್ಲಿ ಮಾತ್ರ ಬಣ್ಣ ತುಕ್ಕುಗಳನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಶರು ಹಾಕಿ ಬಿಗಿಯಬೇಕು. ಬಿಗಿದ ಬಳಿಕ ಹೊರಗಿನಿಂದ ವ್ಯಾಸಲೀನನ್ನೋ ಗ್ರೀಸನ್ನೋ ಹಚ್ಚಬೇಕು. ಈ ಕ್ರಮವು ಮುಖ್ಯ. ಮುಂಚೆ ಗ್ರೀಸು ಬಳಿದು ಸಡಿಲಾಗಿ ಬಿಗಿದರೆ ಪ್ರಯೋಜನವಿಲ್ಲ. ಇಷ್ಟಾದರೂ ಮಲೆನಾಡಿನ ತೇವದಲ್ಲಿ ಕಬ್ಬಿಣವನ್ನು ನಂಬುವದು ಸಾಲದು. ಪ್ರತಿಯೊಂದು ದೀಪದ ಬುಡದಿಂದಲೂ ಬೇರೆ ತಂತಿಯೊಂದನ್ನು ನೇರವಾಗಿ ಚಾಸಿಗೆ ಎಳೆಯಿಸಿಬಿಡುವದು ಉತ್ತಮ. ಅದಕ್ಕೆ ತಗಲುವ ವೆಚ್ಚವು ಒಂದು ಬ್ಯಾಟರಿಯ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದು.

ಇಲ್ಲಿ ತೋಟಿಗರಿಗೇ ವಿಶೇಷವಾದ ಒಂದು ಸಂಗತಿಯುಂಟು. ಬೋರ್ಡೋ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದೆಂದೂ, ಸುಣ್ಣವು ಕಡಿಮೆಯಾದ ದ್ರಾವಣದಲ್ಲಿ ಅದ್ದಿದ ಚೂರಿಯು ಕೆಂಪಗಾಗುವದೆಂದೂ ಎಲ್ಲರಿಗೂ ಗೊತ್ತು. ತಾಮ್ರವು ಕಬ್ಬಿಣದ ಮೇಲೆ ಕೂತು ಕಬ್ಬಿಣವು ಕರಗಿ ಹೋಗುವದರ ಲಕ್ಷಣವೇ ಅದು. ಹೀಗೆಂದು ತಿಳಿದವರೂ ಹರಕು ಚೀಲದ ಮೈಲುತುತ್ತವನ್ನು ಜೀಪಿನ ತಗಡಿನ ಮೇಲೆ ಹೇರಿ ಮಳೆಯಲ್ಲಿ ತರುವದುಂಟು. ಆ ನೀಲಿ ನೀರು ಇಳಿದಲ್ಲೆಲ್ಲ ತಗಡೂ ಹೋಯಿತು, ಅರ್ಥಿನ ಬೋಲ್ಟೂ ಹೋಯಿತು. ಮೈಲುತುತ್ತವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತರುವದು, ಚೆಲ್ಲಿದರೆ ಅದೇ ದಿನ ಹೇರಳ ನೀರು ಸುರಿದು ತೊಳೆಯುವದು ಅವಶ್ಯವು. ಬ್ಯಾಟರಿಯ ತುದಿಗಳ ಮೇಲೆ ಏಳುವ ನೀಲಿ ಹಸಿರು ಬಣ್ಣದ ಹುಡಿಯೂ ಬೇರೆ ವಸ್ತುವಲ್ಲ. ಬ್ಯಾಟರಿಯ ಗಂಧಕಾಮ್ಲವು ತಾಮ್ರದ ತುದಿಯನ್ನು ತಿಂದು ಅಲ್ಲಿಯೇ ಮೈಲುತುತ್ತವಾಗಿರುತ್ತದೆ. ಬಿಸಿನೀರಿನಲ್ಲಿ ಅಡಿಗೆ ಸೋಡಾ ಕಲಸಿ ಅದರಿಂದ ತೊಳೆದು, ಒರೆಸಿ, ಬಿಗಿದು, ವ್ಯಾಸಲೀನ್ ಹಚ್ಚತಕ್ಕದ್ದು. ತೊಳೆಯುವ ನೀರು ಬ್ಯಾಟರಿಯ ಒಳಗೆ ಒಂದು ಹನಿಯೂ ಇಳಿಯಬಾರದು.

ಕೂಡುಸ್ಥಳಗಳಲ್ಲಿ ಕೆಟ್ಟದ್ದು ಯಾವುದೆಂದು ತಿಳಿಯುವದಕ್ಕೆ ಯಂತ್ರಜ್ಞನೇ ಬೇಕೆಂದಿಲ್ಲ. ಕಾಯಿಲಿನ ನಡುವಿನ ದಪ್ಪ ತಂತಿಯನ್ನು ತೆಗೆದು ಚಾಸಿಗೆ ತಾಗಿಸಿ ಇಟ್ಟರೆ ಇಂಜಿನು ಹತ್ತುವದಿಲ್ಲ. ಗೇರು ನ್ಯೂಟ್ರಲ್‌ನಲ್ಲಿದ್ದು ಹ್ಯಾಂಡ್‌ಬ್ರೇಕು ಹಾಕಿರಬೇಕು. ಒಬ್ಬನು ಸ್ಟಾರ್ಟರನ್ನು ಹತ್ತು ಸೆಕೆಂಡು ಒತ್ತಿ ಬಿಡಲಿ. ಇನ್ನೊಬ್ಬನು ಕೂಡಲೆ ಪ್ರತಿಯೊಂದು ತುದಿಯನ್ನೂ ಮೆಲ್ಲನೆ ಮುಟ್ಟಿ ನೋಡಲಿ. ಯಾವುದು ಬಿಸಿಯಾಗಿರುವದೋ ಕಳ್ಳನು ಅಲ್ಲಿದ್ದಾನೆ. ಕೆಲವು ನೂರು ರೂಪಾಯಿಗೆ ದೊರೆಯುವ ಮೀಟರು ಇದ್ದರೆ ಮತ್ತೂ ನಿಶ್ಚಯ. ಸ್ಟಾರ್ಟರು ತಿರುಗುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಸೀಸದ ಗೂಟಕ್ಕೂ, ಇನ್ನೊಂದನ್ನು ಸ್ಟಾರ್ಟರಿನ ಬೋಲ್ಟಿಗೂ ಹಿಡಿಯಬೇಕು; 0.2 ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಬ್ಯಾಟರಿಯ ಅರ್ಥಿನ ಗೂಟಕ್ಕೂ ಸ್ಟಾರ್ಟರಿನ ಮೈಗೂ ಹಿಡಿದರೆ ಅಷ್ಟೇ ಇರತಕ್ಕದ್ದು. ಬ್ಯಾಟರಿಯ ಎರಡು ಗೂಟಗಳ ನಡುವೆ ಆಗ 4.8 ವೋಲ್ಟಿಗಿಂತ ಕೆಳಗೆ ಇಳಿದರೆ ಬ್ಯಾಟರಿಯು ಖಾಲಿ, ಇಲ್ಲವೆ ಮುದಿಯಾಗಿದೆ. ಯುದ್ಧಕಾಲದ ಜೀಪಿನಲ್ಲಿ ಸ್ಟಾರ್ಟರಿನ ಸ್ವಿಚ್ಚು ಕಾಲಿನಿಂದ ಒತ್ತುವದಾಗಿದ್ದು ಕೆಸರು ಕಾಲಿನ ನೀರೆಲ್ಲ ಅದರ ಮೇಲೆಯೇ ಇಳಿಯುತ್ತದೆ. ಒಳಗಿನ ತಾಮ್ರದ ಬಿಲ್ಲೆಯು ಸುಟ್ಟು ಕರಿದಾಗಿರುವದು ಸಾಮಾನ್ಯ. ಬಿಚ್ಚಿ ಉಜ್ಜಿದರೆ ವರ್ಷಗಟ್ಟಲೆ ನಡೆಯುವದು.

ಬ್ಯಾಟರಿ:— ಆರು ವೋಲ್ಟಿನ ಬ್ಯಾಟರಿಯಲ್ಲಿ ಮೂರು ಕೋಣೆಗಳು, ಒಂದೊಂದಕ್ಕೆ ಸುಮಾರು 2.1 ವೋಲ್ಟು. ತುಂಬಿದ ಬ್ಯಾಟರಿಯು ಕೆಲಸವಿಲ್ಲದೆ ಕೆಲವು ತಾಸು ನಿಂತ ಮೇಲೆ 6.3ಕ್ಕಿಂತ ತುಸು ಹೆಚ್ಚು ತೋರಿಸುವದು. 6.1ಕ್ಕೆ ಇಳಿದರೆ ಅರ್ಧ ಖಾಲಿ; ಸರಿಯಾಗಿ 6.0 ಇದ್ದರೆ, ಹೆಸರಿಗೆ ಆರು ವೋಲ್ಟೆಂದು ಸಮಾಧಾನಪಡುವಂತಿಲ್ಲ, ಮುಕ್ಕಾಲು ಖಾಲಿಯಾಗಿದೆಯೆಂದೇ ತಿಳಿಯಬೇಕು. ಜೀಪಿಗೆ 100 ಆಂಪಿಯರ್-ಗಂಟೆಯ ಆಚೀಚೆಯ ಬ್ಯಾಟರಿ ಬೇಕು. ಇಂಥದನ್ನು ಅಂಗಡಿಯವರು ಸದಾ ಇಟ್ಟಿರುವದಿಲ್ಲವಾದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಹೇಳಿ ತರಿಸಬೇಕು. ಬ್ಯಾಟರಿ ಪಂಪಿನದೋ ಕೈದೀಪದ್ದೋ ಸಣ್ಣ ಬ್ಯಾಟರಿಯು ಅಂಕಿಯಲ್ಲಿ ಆರು ವೋಲ್ಟಾದರೂ ಸ್ಟಾರ್ಟರಿಗೆ ಏನೂ ಸಾಲದು.

ಕೋಣೆಗಳಲ್ಲಿ ನೀರು ತಗಡುಗಳ ಮೇಲೆ ಅರ್ಧ ಅಂಗುಲದಷ್ಟು ನಿಂತಿರಬೇಕು. ಕಡಿಮೆಯಾದರೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ಇಲ್ಲಿಯ ಬಾವಿಗಳ ನೀರು ಕುಡಿಯಲಿಕ್ಕೆ ಎಷ್ಟೇ ಸಿಹಿಯಾಗಿರಲಿ, ಕೆಮ್ಮಣ್ಣಿನ ಕಬ್ಬಿಣದ ಅಂಶವು ಅದರಲ್ಲಿ ಇರುವ ಸಂಭವವುಂಟು. ಕಬ್ಬಿಣವು ಸೇರಿದ ಬ್ಯಾಟರಿಯು ಸುಮ್ಮನೆ ಇಟ್ಟಲ್ಲಿಯೇ ಬರಿದಾಗುವದು. ಆಮ್ಲವನ್ನು ಮಾತ್ರ ಮೇಲಿಂದ ಹಾಕಬಾರದು. ಆವಿಯಾಗಿ ಹೋಗುವದು ನೀರೇ ಹೊರತು ಆಮ್ಲವಲ್ಲ. ಚಾರ್ಜಾಗುವಾಗ ಏಳುವ ಗಾಳಿಯು ಕಿಡಿ ತಗಲಿದರೆ ಸಿಡಿಯುವಂಥದು. ಹತ್ತಿರ ಬೀಡಿ, ದೀಪ ಕೂಡದು. ಬಿಚ್ಚುವಾಗ ಅರ್ಥಿನ ತುದಿಯನ್ನು ಮೊದಲು, ಕೂಡಿಸುವಾಗ ಅದನ್ನು ಕಡೆಗೆ ಮಾಡಬೇಕು.

ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿಯು ತಾನಾಗಿಯೇ ಇಳಿದು ತಗಡುಗಳು ಗಟ್ಟಿಯಾಗುವವು. ಆ ಮೇಲೆ ಎಷ್ಟು ಚಾರ್ಜು ಕೊಟ್ಟರೂ ಹಿಡಿಯಲಾರದು. ಮಳೆಗಾಲದಲ್ಲಿ ಗಾಡಿಯನ್ನು ನಡೆಯಿಸದವರು ಬ್ಯಾಟರಿಯನ್ನು ಬಿಚ್ಚಿ ಒಣಗಿದ ಜಾಗದಲ್ಲಿಟ್ಟು ತಿಂಗಳಿಗೊಮ್ಮೆ ಆರು ವೋಲ್ಟಿನ ಚಾರ್ಜರಿನಿಂದ ತುಂಬಿಸಬೇಕು. ನೆಲದ ಮೇಲಿಟ್ಟ ಬ್ಯಾಟರಿಯು ಬರಿದಾಗುವದೆಂಬ ನಂಬಿಕೆಯು ಮರದ ಪೆಟ್ಟಿಗೆಯ ಕಾಲದ್ದು. ಈಗಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಅದು ಸಲ್ಲದು.

ಬ್ಯಾಟರಿ ಬದಲಾಯಿಸುವಾಗ ಯಾವ ತುದಿ ಅರ್ಥಿಗೆ ಎಂಬದನ್ನು ಬರೆದಿಟ್ಟುಕೊಳ್ಳುವದು ಒಳ್ಳೆಯದು. ವಿಲ್ಲಿಸ್ ಜೀಪು, ಷೆವ್ರೊಲೆಗಳಲ್ಲಿ ಋಣ ತುದಿಯು ಅರ್ಥಿಗೆ; ಅದೇ ಕಾಲದ ಫೋರ್ಡು ಕಾರುಗಳಲ್ಲಿ ಧನ ತುದಿಯು. ಎಲ್ಲ ಗಾಡಿಗಳೂ ಈಗಿನ ಹಾಗೆಯೇ ಎಂದು ಭಾವಿಸಿ ಫೋರ್ಡಿಗೆ ತಿರುವುಮುರುವಾಗಿ ಕೂಡಿಸಿದವರ ಡೈನಮೋ ಕಟ್‌ಔಟುಗಳು ಕೆಟ್ಟಿರುವದುಂಟು.

ಡೈನಮೋ:— ಇದರ ಬಗ್ಗೆ ಹೆಚ್ಚು ಹೇಳತಕ್ಕದ್ದಿಲ್ಲ. ಪಟ್ಟಿಯು ಬಿಗಿಯಾಗಿದ್ದು ಬ್ರಶ್ಶುಗಳು ಸವೆಯದೆ ಇದ್ದರೆ ಅದು ಬಹುಕಾಲ ದುಡಿಯುವದು. ಆದರೆ ಇಂಜಿನು ನಿಧಾನವಾಗಿ ತಿರುಗುವಾಗ ಡೈನಮೋವು ಏನನ್ನೂ ಕೊಡುವದಿಲ್ಲವೆಂಬದನ್ನು ನೆನಪಿನಲ್ಲಿಡಬೇಕು. ಯಕ್ಷಗಾನದ ಬಯಲಿನಲ್ಲಿ ಇಂಜಿನು ನಡೆಯುತ್ತಿದೆಯಲ್ಲಾ ಎಂದು ದೀಪ ಹಚ್ಚಿಟ್ಟು ಮಾತಿಗೆ ನಿಂತರೆ ಬ್ಯಾಟರಿಯೇ ತೀರುವದು. ರೆಗ್ಯುಲೇಟರಿರುವ ಗಾಡಿಯಲ್ಲಿ ಚಾಲೂ ಆದ ಹೊಸತಿನಲ್ಲಿ ಅಮ್ಮೀಟರಿನ ಮುಳ್ಳು ಬಲವಾಗಿ ಏರಿ ಕೆಲವು ಮೈಲಿನ ಬಳಿಕ ಸೊನ್ನೆಯ ಹತ್ತಿರ ಬಂದರೆ ಅದು ದೋಷವಲ್ಲ. ಬ್ಯಾಟರಿ ತುಂಬಿತೆಂದು ಅರ್ಥ. ಆಗ ಬ್ಯಾಟರಿಯ ಮೇಲೆ ಸುಮಾರು 7.2 ವೋಲ್ಟು ಇರುವದು. ಡೈನಮೋವನ್ನು ಬಿಚ್ಚಿ ಕಟ್ಟಿದ ನಂತರ ಅದಕ್ಕೆ ತನ್ನ ದಿಕ್ಕು ನೆನಪಿಸಿ ಕೊಡಬೇಕಾಗುತ್ತದೆ. ಜೀಪಿನ ಆಟೋಲೈಟ್ ಡೈನಮೋವಿನಲ್ಲಿ, ಇಂಜಿನು ಚಾಲೂ ಮಾಡುವ ಮುಂಚೆ, ರೆಗ್ಯುಲೇಟರಿನ ಬ್ಯಾಟರಿ ಮತ್ತು ಆರ್ಮೇಚರ್ ತುದಿಗಳನ್ನು ಒಂದು ತುಂಡು ತಂತಿಯಿಂದ ಕ್ಷಣಮಾತ್ರ ಮುಟ್ಟಿಸಿದರೆ ಸಾಕು. ಫೋರ್ಡಿನ ರೀತಿ ಬೇರೆ. ಜೀಪಿನದನ್ನು ಅದಕ್ಕೆ ಮಾಡಿದರೆ ಕೆಡುವದು.

ದೀಪಗಳಿಗೆ ಹೋಗುವ ವಿದ್ಯುತ್ತು ಡ್ಯಾಶಿನ ಸ್ವಿಚ್ಚು, ಕಾಲಿನ ಡಿಪ್ಪರು ಹೀಗೆ ಸುತ್ತಿ ಬರುತ್ತದೆ. ಆರು ವೋಲ್ಟಿನ ರಿಲೇಯೊಂದನ್ನು ಮುಂಭಾಗದಲ್ಲಿ ಕೂಡಿಸಿ, ಬ್ಯಾಟರಿಯಿಂದ ಫ್ಯೂಜಿನ ಮೂಲಕ ದಪ್ಪ ತಂತಿಯನ್ನು ನೇರವಾಗಿ ಕೊಟ್ಟರೆ ಹಳೆಯ ಬಲ್ಬೇ ಬೇರೆ ದೀಪದಂತೆ ಉರಿಯುವದು. ಹತ್ತಿಯ ಹೊದಿಕೆಯ ಹಳೆಯ ತಂತಿಗಳು ತೇವದಲ್ಲಿ ಕುಂಬಾಗಿದ್ದರೆ ದಾಕ್ಷಿಣ್ಯವಿಲ್ಲದೆ ತೆಗೆಯಿಸಬೇಕು. ಹುಲ್ಲಿನ ಬಣವೆಯ ಪಕ್ಕದಲ್ಲಿ ನಿಲ್ಲಿಸಿದ ಗಾಡಿಯ ತಂತಿಗಳನ್ನು ಇಲಿಗಳು ಕಡಿಯುವವು; ಅರ್ಥಿನ ತುದಿಗೆ ಬಿಚ್ಚುವ ಸ್ವಿಚ್ಚೊಂದನ್ನು ಹಾಕಿಸಿ ರಾತ್ರಿ ತೆಗೆದಿಡುವದರಿಂದ ಬೆಂಕಿಯ ಭಯವೂ, ಬ್ಯಾಟರಿಯ ಸೋರಿಕೆಯೂ ಒಟ್ಟಿಗೆ ತಪ್ಪುವವು.

ಗಾಡಿಯು ದಾರಿಯಲ್ಲಿ ನಿಂತರೆ ನೆರೆಯ ಹೊಸ ಕಾರಿನ ಹನ್ನೆರಡು ವೋಲ್ಟನ್ನು ತಂದು ಕೂಡಿಸುವ ಸಾಹಸವನ್ನು ಮಾಡಬಾರದು. ಬಲ್ಬು, ಕಾಯಿಲು, ಪೆಟ್ರೋಲಿನ ಮುಳ್ಳು ಸುಡುವದಲ್ಲದೆ ಬ್ಯಾಟರಿಯೇ ಸಿಡಿಯಬಹುದು. ನಾಲ್ಕು ಜನ ಸೇರಿ ಎರಡನೆಯ ಗೇರಿನಲ್ಲಿ ದಬ್ಬುವದು, ಇಲ್ಲವೆ ಹ್ಯಾಂಡಲು ಹಾಕುವದು ಯೋಗ್ಯ. ಹ್ಯಾಂಡಲನ್ನು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಹೆಬ್ಬೆರಳು ಉಳಿದ ಬೆರಳುಗಳ ಕಡೆಗೇ ಇರಬೇಕು. ಇಂಜಿನು ಹಿಂದೊದೆದಾಗ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರ ವರೆಗೆ ಆದ ಮೋಟಾರ್ ಸೈಕಲ್ಲುಗಳಲ್ಲಿಯೂ ಬಹಳವು ಆರು ವೋಲ್ಟಿನವೇ. ಸ್ಟಾರ್ಟರಿಲ್ಲದ್ದರಿಂದ ದಪ್ಪ ತಂತಿಯ ಗೋಜು ಅವಕ್ಕಿಲ್ಲ. ಅರ್ಥಿನ ಮಾತೆಲ್ಲ ಅವಕ್ಕೂ ಸಲ್ಲುತ್ತದೆ.

2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳ ಮೇರೆಗೆ 50 ವರ್ಷ ಮೀರಿದ, ಚಾಸಿ ಇಂಜಿನುಗಳ ಮೂಲ ರೂಪವನ್ನು ಕಾದುಕೊಂಡ ಖಾಸಗಿ ವಾಹನವನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಆದರೆ ಆ ವರ್ಗದ ವಾಹನವು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವುಗಳಿಗೆ ಮಾತ್ರ ರಸ್ತೆಗೆ ಬರತಕ್ಕದ್ದು. ನಿತ್ಯದ ಓಡಾಟಕ್ಕೆ ಅಲ್ಲ. ತೋಟದ ಕೆಲಸಕ್ಕೆ ಜೀಪು ಬೇಕಾದವರು ಅರ್ಜಿ ಕೊಡುವ ಮುಂಚೆ ಇದನ್ನು ಯೋಚಿಸಬೇಕು.

ಕಡೆಗೆ ಆಯುಧಪೂಜೆಯ ಮಾತು. ವರ್ಷವೆಲ್ಲ ಚಾಲೂ ಆದ ಗಾಡಿಯು ಆ ದಿನವೇ ಮುಷ್ಕರ ಹೂಡುವದಕ್ಕೆ ಕಾರಣವು, ಬಾನೆಟ್ಟನ್ನು ಎತ್ತಿ ಇಂಜಿನಿನ ಮೇಲೆ ಕೊಡಗಟ್ಟಲೆ ನೀರು ಸುರಿಯುವದು. ತೊಳೆಯುವ ಮೊದಲು ಡಿಸ್ಟ್ರಿಬ್ಯೂಟರು, ಕಾಯಿಲು, ಡೈನಮೋ ಇವುಗಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟತಕ್ಕದ್ದು. ಆದಾಗ್ಯೂ ನೀರು ಹೋದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದು, ಒಳಗೆ ಒಣ ಬಟ್ಟೆಯಿಂದ ಒರೆಸಿ, ಸ್ವಲ್ಪ ಹೊತ್ತು ಬಿಸಿಲಿಗೆ ಇಟ್ಟು ಹಾಕಬೇಕು. ಪಾಯಿಂಟುಗಳನ್ನು ಹೇಗೂ ಬಿಚ್ಚಿದ ಆ ಸಮಯದಲ್ಲಿಯೇ ಅರ್ಧ ಮಿಲಿಮೀಟರಿನ ಅಂತರ ಇದೆಯೋ ಎಂದು ನೋಡಿಬಿಡಬಹುದು.